ಶ್ರೀರಂಗಪಟ್ಟಣದ ಬಾಣ, ಬಾಲ್ಟಿಮೋರಿನ ಆಕಾಶ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಕಡೆಯ ಹುಡುಗರು ನಾಲ್ಕೈದು ಮಂದಿ ಗೆಳೆಯರು ಸೇರಿ ಶ್ರೀರಂಗಪಟ್ಟಣಕ್ಕೆ ಹೊರಡುವುದುಂಟು. ಬೆಳಗಿನ ಬಸ್ಸಿಗೆ ಮೈಸೂರು. ಅಲ್ಲಿಂದ ಹದಿನೈದು ಕಿಲೋಮೀಟರ್. ಬುತ್ತಿಯಲ್ಲಿ ಚಿತ್ರಾನ್ನ. ರಂಗನಾಥಸ್ವಾಮಿಯ ದರ್ಶನ, ದರಿಯಾ ದೌಲತ್, ಗುಂಬಜ್, ಸಂಗಮ. ಸಂಜೆಗೆ ಮರಳಿ ಮನೆ. ಏನು ನೋಡಿದಿರಿ ಎಂದರೆ ‘ಕೋಟೆ ನೋಡಿದೆವು’ ಎಂಬ ಉತ್ತರ. ಆ ಕೋಟೆಯವರು ಹಾರಿಸಿದ ಬಾಣದ ನೆನಪು ಅಮೆರಿಕದ ರಾಷ್ಟ್ರಗೀತೆಯಲ್ಲೂ ಇದೆ ಎಂಬುದು ಎಷ್ಟು ಮಂದಿಗೆ ಗೊತ್ತು?

ಈ ಕಥೆಯ ಒಂದು ಎಳೆ ಪಿರಿಯಾಪಟ್ಟಣದ ಕಡೆಯಿಂದಲೇ ಬರುತ್ತದೆ. 1799ರಲ್ಲಿ ಬ್ರಿಟಿಷರ ಮದ್ರಾಸ್ ಸೇನೆ ಪೂರ್ವದಿಂದ ಬಂದರೆ, ಬೊಂಬಾಯಿ ಸೇನೆ ಕಣ್ಣಾನೂರಿನಿಂದ ಕೊಡಗಿನ ಮಾರ್ಗವಾಗಿ ಬಂತು. ಪಿರಿಯಾಪಟ್ಟಣದ ಆಚೆ, ಕೊಡಗಿನ ಗಡಿಯಲ್ಲಿ, ಇಂಗ್ಲಿಷ್ ದಾಖಲೆಗಳು ‘ಸೀಡಸೀರ್’ ಎಂದು ಕರೆಯುವ ಜಾಗದಲ್ಲಿ ಮಾರ್ಚ್ 6ರಂದು ಟೀಪು ಸುಲ್ತಾನ್ ಅದರ ಮೇಲೆ ಬಿದ್ದ. ತಡೆಯಲಾಗಲಿಲ್ಲ. ಎರಡು ಸೇನೆಗಳೂ ಶ್ರೀರಂಗಪಟ್ಟಣದ ಮುಂದೆ ಕೂಡಿಕೊಂಡವು.

ಕೋಟೆಗೆ ಮೇ 4ರ ಮಧ್ಯಾಹ್ನ ಲಗ್ಗೆ ಬಿತ್ತು. ಮೇ ತಿಂಗಳೇ ಏಕೆ? ಕಾವೇರಿಯ ದಡದಲ್ಲಿರುವ ಕೃಷ್ಣರಾಜನಗರದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೇಸಿಗೆಯಲ್ಲಿ ಹೊಳೆ ಇಳಿದು ಬಂಡೆ ಕಾಣುತ್ತದೆ, ಸಿಪಾಯಿಗಳು ನಡೆದೇ ದಾಟಬಹುದು. ಆಗಿನ್ನೂ ಕನ್ನಂಬಾಡಿ ಕಟ್ಟೆಯಿಲ್ಲ. ಮುಂಗಾರು ಹಿಡಿದಿದ್ದರೆ ಹೊಳೆಯೇ ಕೋಟೆಗೆ ಕಾವಲಾಗುತ್ತಿತ್ತು. ಪಡುವಣ ಮೂಲೆಯಲ್ಲಿ ಗೋಡೆ ಒಡೆದ ಜಾಗವನ್ನೂ, ಒಳಗೆ ಟೀಪು ಬಿದ್ದ ಸ್ಥಳವನ್ನೂ ಇಂದಿಗೂ ನೋಡಬಹುದು. ಅಲ್ಲಿನ ಮದ್ದಿನ ಮನೆಗಳಲ್ಲಿ ಒಂದನ್ನು ರೈಲು ಜೋಡಿಮಾರ್ಗಕ್ಕಾಗಿ 2017ರಲ್ಲಿ ಇಡಿಯಾಗಿ ಪಕ್ಕಕ್ಕೆ ಸರಿಸಿದ್ದೇ ಒಂದು ಎಂಜಿನಿಯರಿಂಗ್ ಸಾಹಸ.

1784ರಲ್ಲಿ ಕಟ್ಟಿಸಿದ ದರಿಯಾ ದೌಲತ್ತಿನ ಪಡುವಣ ಗೋಡೆಯ ಮುಂದೆ ಹತ್ತು ನಿಮಿಷವಾದರೂ ನಿಲ್ಲಬೇಕು. 1780ರಲ್ಲಿ ಹೈದರ್ ಮತ್ತು ಟೀಪು ಬ್ರಿಟಿಷರನ್ನು ಸೋಲಿಸಿದ ಪೊಲ್ಲಿಲೂರು ಯುದ್ಧದ ಚಿತ್ರ ಅಲ್ಲಿದೆ. ಆ ಯುದ್ಧದಲ್ಲಿ ಮೈಸೂರಿನವರು ಬಾಣಗಳನ್ನೂ, ಅಂದರೆ ರಾಕೆಟ್ಟುಗಳನ್ನೂ ಬಳಸಿದ್ದರು.

ದೀಪಾವಳಿಯ ರಾಕೆಟ್ಟನ್ನು ನೆನಪಿಸಿಕೊಳ್ಳಿ. ಮದ್ದು ಉರಿದು ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ, ಕೊಳವೆ ಮುಂದಕ್ಕೆ ಹಾರುತ್ತದೆ. ಇದೇ ನ್ಯೂಟನ್ನನ ಮೂರನೆಯ ನಿಯಮ. ಹಿಂದೆ ಕಟ್ಟಿದ ಕಡ್ಡಿ ದಿಕ್ಕು ತಪ್ಪದಂತೆ ನೋಡಿಕೊಳ್ಳುತ್ತದೆ. ಕಾಗದದ ಕೊಳವೆಯಲ್ಲಿ ಮದ್ದನ್ನು ಹೆಚ್ಚು ಗಿಡಿದರೆ ಒಡೆದುಹೋಗುತ್ತದೆ. ಮೈಸೂರಿನ ಕುಶಲಕರ್ಮಿಗಳು ಕಬ್ಬಿಣದ ಕೊಳವೆ ಬಳಸಿದರು. ಅದು ಹೆಚ್ಚು ಒತ್ತಡವನ್ನು ತಡೆಯಿತು. ಬಿದಿರಿನ ಗಳುವಿಗೆ ಕಟ್ಟಿ ಹಾರಿಸಿದರೆ ಬಾಣ ಒಂದು ಕಿಲೋಮೀಟರಿಗೂ ಮೀರಿ ಹೋಗುತ್ತಿತ್ತು.

ಕೋಟೆ ಬಿದ್ದ ಮೇಲೆ ಬಾಣಗಳು ಇಂಗ್ಲೆಂಡಿನ ವೂಲ್‌ವಿಚ್ ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ ಅದೇ ಮಾದರಿಯ ಮೇಲೆ ಪ್ರಯೋಗ ನಡೆಸಿ ಹೊಸ ರಾಕೆಟ್ ತಯಾರಿಸಿದ. 1814ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಹಡಗುಗಳು ಅಮೆರಿಕದ ಬಾಲ್ಟಿಮೋರ್ ನಗರದ ಫೋರ್ಟ್ ಮೆಕ್‌ಹೆನ್ರಿ ಕೋಟೆಯ ಮೇಲೆ ರಾತ್ರಿಯಿಡೀ ಬಾಂಬುಗಳ ಜೊತೆಗೆ ಹಾರಿಸಿದ್ದು ಅದನ್ನೇ. ಕೋಟೆ ಬೀಳಲಿಲ್ಲ. ಹಡಗೊಂದರಿಂದ ಇದನ್ನು ಕಂಡ ಫ್ರಾನ್ಸಿಸ್ ಸ್ಕಾಟ್ ಕೀ ಬರೆದ ಪದ್ಯವೇ 1931ರಲ್ಲಿ ಅಮೆರಿಕದ ರಾಷ್ಟ್ರಗೀತೆಯಾಯಿತು. ರಾಕೆಟ್ಟಿನ ಕೆಂಪು ಬೆಳಕಿನ ಮಾತು ಅದರಲ್ಲಿ ಬರುತ್ತದೆ. ನಕ್ಷತ್ರದಾಕಾರದ ಆ ಕೋಟೆ ವಾಷಿಂಗ್ಟನ್ನಿನಿಂದ ಸುಮಾರು 60 ಕಿಲೋಮೀಟರ್ ದೂರ. ಅಲ್ಲಿ ನೆಲೆಸಿದ ಕನ್ನಡಿಗರೂ ಗೆಳೆಯರೊಂದಿಗೆ ಒಂದು ದಿನದಲ್ಲಿ ನೋಡಿಬರಬಹುದು. ನಮ್ಮವರು ಅಲ್ಲಿ ನಿಂತಾಗ ಕಾವೇರಿ ತೀರ ನೆನಪಾಗಬೇಕು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಬ್ಬಿಣದ ಬಾಣ ನಮ್ಮದು, ಹೆಸರು ಕಾಂಗ್ರೀವನದು. ಏಕೆ? ಆತ ತೂಕ, ಅಳತೆ, ದೂರಗಳನ್ನು ಪರೀಕ್ಷಿಸಿ, 1807ರಲ್ಲಿ ಪುಸ್ತಕವನ್ನೇ ಅಚ್ಚು ಹಾಕಿಸಿದ. ನಮ್ಮ ಕಮ್ಮಾರರ ಕೈಗುಣ ಏನೂ ಕಡಿಮೆಯದಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಲ್ಲಿ ಸಾವಿರ ಬಾಣಗಳು ಸಿಕ್ಕಾಗ ಅದು ಮತ್ತೆ ಎಲ್ಲರ ಕಣ್ಣಿಗೂ ಬಿತ್ತು. ಆದರೆ ಆ ಕೈಗಳ ಹೆಸರು ನಮಗೆ ಉಳಿದಿಲ್ಲ. ಕಂಡದ್ದನ್ನು, ಮಾಡಿದ್ದನ್ನು ಬರೆದಿಡದಿದ್ದರೆ ವಿದ್ಯೆ ಬರೆದುಕೊಂಡವನ ಪಾಲಾಗುತ್ತದೆ.

ಆದ್ದರಿಂದ ತಾಯಿತಂದೆಯರು ಮಕ್ಕಳನ್ನು ಪ್ರವಾಸಕ್ಕೆ ಕಳಿಸುವಾಗ ಬುತ್ತಿಯ ಜೊತೆಗೆ ಒಂದು ನೋಟ್‌ಪುಸ್ತಕವನ್ನೂ ಚೀಲಕ್ಕೆ ಹಾಕಲಿ. ಸಂಗಮದಲ್ಲಿ ನೀರಿಗಿಳಿಯಬೇಡಿ ಎಂದು ಎಚ್ಚರಿಕೆಯನ್ನೂ ಹೇಳಲಿ. ಸಂಜೆ ಮನೆಗೆ ಬಂದವರನ್ನು ‘ಏನು ನೋಡಿದಿರಿ?’ ಎಂದು ಕೇಳಿದ ಮೇಲೆ ‘ಏನು ಬರೆದುಕೊಂಡಿರಿ?’ ಎಂದೂ ಕೇಳಲಿ.