ಸಮ್ಮತಿ ಮತ್ತು ತಪ್ಪು ತಿಳಿವಳಿಕೆ: ಕಾನೂನು ಏನನ್ನುತ್ತದೆ?

ಅತ್ಯಾಚಾರದ ಮೊಕದ್ದಮೆಯಲ್ಲಿ ಆರೋಪಿ ಹಲವೊಮ್ಮೆ ಘಟನೆಯನ್ನು ಅಲ್ಲಗಳೆಯುವುದಿಲ್ಲ. ‘ಅವಳಿಗೂ ಒಪ್ಪಿಗೆಯಿತ್ತು’ ಎನ್ನುತ್ತಾನೆ. ಆಗ ಇಡೀ ಮೊಕದ್ದಮೆ ‘ಸಮ್ಮತಿ’ ಎಂಬ ಒಂದು ಪದದ ಮೇಲೆ ನಿಲ್ಲುತ್ತದೆ. ಕಾಪು, ಕಾರ್ಕಳಗಳಿಂದ ಬಸ್ಸು ಹಿಡಿದು ಉಡುಪಿ, ಮಣಿಪಾಲದ ಕಾಲೇಜುಗಳಿಗೆ ಬರುವ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವೇನಲ್ಲ. ಸ್ನೇಹ, ಪ್ರೀತಿ, ಮದುವೆಯ ಮಾತು ಎಲ್ಲವೂ ಆ ವಯಸ್ಸಿನವೇ.

ಇಲ್ಲಿ ತಪ್ಪು ತಿಳಿವಳಿಕೆ ಎರಡು ಬಗೆಯದು: ಅವಳದು ಮತ್ತು ಅವನದು.

ಮೊದಲು ಅವಳದು. ಭಯದಿಂದ ಅಥವಾ ವಾಸ್ತವ ಸಂಗತಿಯನ್ನು ತಪ್ಪಾಗಿ ತಿಳಿದು ಕೊಟ್ಟ ಸಮ್ಮತಿ ಸಮ್ಮತಿಯೇ ಅಲ್ಲ ಎಂದು 1860ರ ಭಾರತೀಯ ದಂಡ ಸಂಹಿತೆಯ 90ನೇ ಕಲಂ ಹೇಳಿತು. ಆದರೆ ಅವಳು ಹಾಗೆ ತಪ್ಪು ತಿಳಿದೇ ಒಪ್ಪಿದ್ದಾಳೆಂಬುದು ಅವನಿಗೆ ಗೊತ್ತಿರಬೇಕು, ಇಲ್ಲವೇ ಹಾಗೆಂದು ನಂಬಲು ಕಾರಣವಿರಬೇಕು. ಈ ಎರಡನೆಯ ಷರತ್ತು ಹಲವರ ಗಮನಕ್ಕೆ ಬರುವುದಿಲ್ಲ.

‘ಉದಯ್ ಮತ್ತು ಕರ್ನಾಟಕ ರಾಜ್ಯ’ ನಮ್ಮಲ್ಲಿಯ ಪ್ರಕರಣ. ಹುಡುಗಿ ಕಾಲೇಜು ವಿದ್ಯಾರ್ಥಿನಿ. ಇಬ್ಬರ ಜಾತಿ ಬೇರೆ. ಮದುವೆಯಾಗುವೆನೆಂದು ಮಾತು ಕೊಟ್ಟವನು ಆಗಲಿಲ್ಲ. ಕೆಳಗಿನ ನ್ಯಾಯಾಲಯಗಳು ಶಿಕ್ಷೆ ವಿಧಿಸಿದವು. 2003ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಅವಳು ತಿಳಿದವಳು, ಅವನನ್ನು ಪ್ರೀತಿಸಿದ್ದಳು, ಜಾತಿಯಿಂದಾಗಿ ಮದುವೆಗೆ ವಿರೋಧ ಬರುವುದು ಅವಳಿಗೆ ಗೊತ್ತಿತ್ತು ಎಂಬುವು ಕಾರಣಗಳು. ವಿರೋಧದ ವಿಷಯ ಅವನಿಗೂ ಗೊತ್ತಿತ್ತಲ್ಲ! ಗೊತ್ತಿದ್ದೂ ಮಾತು ಕೊಟ್ಟದ್ದೇಕೆ ಎಂಬ ಪ್ರಶ್ನೆಗೆ ಅಷ್ಟೇ ತೂಕ ಸಿಗಬೇಕಿತ್ತೆಂದು ನನಗನಿಸುತ್ತದೆ.

2019ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಗೆರೆಯನ್ನು ಸ್ಪಷ್ಟಪಡಿಸಿತು. ಮೊದಲಿನಿಂದಲೇ ಮದುವೆಯ ಇರಾದೆಯಿಲ್ಲದೆ ಕೊಟ್ಟ ಮಾತು ವಂಚನೆ; ಕೊಟ್ಟು ಮುಂದೆ ನಡೆಸಲಾಗದ ಮಾತು ಬರೀ ವಚನಭಂಗ. ಒಬ್ಬನ ಅಂದಿನ ಮನಸ್ಸನ್ನು ವರ್ಷಗಳ ನಂತರ ಅಳೆಯುವ ಉಪಕರಣ ಯಾವ ಪ್ರಯೋಗಾಲಯದಲ್ಲೂ ಇಲ್ಲ, ನಡತೆಯಿಂದಲೇ ಊಹಿಸಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಇಂಥ ವಂಚನೆಯನ್ನು ಪ್ರತ್ಯೇಕ ಅಪರಾಧವಾಗಿಸಿದೆ. ಶಿಕ್ಷೆ 10 ವರ್ಷದವರೆಗೆ ಸೆರೆವಾಸ ಮತ್ತು ದಂಡ.

ಇನ್ನು ಅವನದು. ‘ಅವಳು ಒಪ್ಪಿದ್ದಾಳೆಂದು ನಾನು ತಿಳಿದೆ’ ಎಂದರೆ ಸಾಕೇ? 1975ರ ಮಾರ್ಗನ್ ಪ್ರಕರಣದಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್, ನಂಬಿಕೆ ಪ್ರಾಮಾಣಿಕವಾಗಿದ್ದರೆ ಸಾಕು, ಸಮಂಜಸವಾಗಿರಬೇಕಿಲ್ಲ ಎಂದಿತು. ಅದು ತೀವ್ರ ಟೀಕೆಗೆ ಗುರಿಯಾಯಿತು. 2003ರ ಕಾಯಿದೆ ಅದನ್ನು ತೆಗೆದುಹಾಕಿತು. ನಮ್ಮ ದಂಡ ಸಂಹಿತೆ ಮೊದಲಿನಿಂದಲೂ ಬೇರೆ ದಾರಿ ಹಿಡಿದಿತ್ತು. ಯೋಗ್ಯ ಎಚ್ಚರಿಕೆ, ಗಮನಗಳಿಲ್ಲದ ನಂಬಿಕೆ ಅದರ ಪ್ರಕಾರ ಸದ್ಭಾವನೆಯದಲ್ಲ.

2013ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಮಾತು, ಸನ್ನೆ ಯಾವುದರಿಂದಲಾದರೂ ಸರಿ, ಸಮ್ಮತಿ ಸಂದೇಹಕ್ಕೆಡೆಯಿಲ್ಲದಂತೆ ಮತ್ತು ಸ್ವಇಚ್ಛೆಯಿಂದ ವ್ಯಕ್ತವಾಗಬೇಕು. ಮೈಬಲದಿಂದ ಪ್ರತಿಭಟಿಸಲಿಲ್ಲ ಎಂದ ಮಾತ್ರಕ್ಕೆ ಒಪ್ಪಿದಳೆಂದಲ್ಲ. ಹೊಸ ಸಂಹಿತೆಯ 63ನೇ ಕಲಮಿನಲ್ಲೂ ಇದೇ ವಿವರಣೆ ಇದೆ.

ಇದೆಲ್ಲ 18 ತುಂಬಿದವರ ಮಾತು. ಪಿ.ಯು.ಸಿ. ಓದುವ ಹದಿನೇಳರ ಹುಡುಗಿ ಬಾಯಿಬಿಟ್ಟು ‘ಹೂಂ’ ಎಂದಿದ್ದರೂ, 2012ರ ಪೋಕ್ಸೊ ಕಾಯಿದೆಯ ಮುಂದೆ ಅದು ಸಮ್ಮತಿಯಾಗುವುದಿಲ್ಲ.