ಇನ್ಹೇಲರ್ ಔಷಧ ಹೋಗುವುದೆಲ್ಲಿಗೆ?

‘ಇನ್ಹೇಲರ್ ಎಳೆಯುತ್ತಲೇ ಇದ್ದೇನೆ ಡಾಕ್ಟ್ರೇ, ಗುಣವೇ ಕಾಣುತ್ತಿಲ್ಲ.’ ಉಬ್ಬಸ ರೋಗಿಗಳು ಆಗಾಗ ಹೇಳುವ ಮಾತಿದು. ಅನೇಕ ವೇಳೆ ತಪ್ಪು ಔಷಧದ್ದಲ್ಲ. ಅದು ಗಂಟಲಲ್ಲೇ ಅಂಟಿಕೊಂಡು, ಶ್ವಾಸಕೋಶಕ್ಕೆ ಸಾಕಷ್ಟು ತಲುಪಿರುವುದೇ ಇಲ್ಲ.

ಎದೆಯೊಳಗೆ ಹೋದ ಒಂದೊಂದು ಕಣವನ್ನೂ ಹಿಂಬಾಲಿಸಿ ನೋಡಲಾಗದು. ಹೀಗಾಗಿ ತಜ್ಞರು ಸಿ.ಟಿ. ಸ್ಕ್ಯಾನ್ ಚಿತ್ರಗಳ ನೆರವಿನಿಂದ ಶ್ವಾಸನಾಳದ ಆಕಾರವನ್ನು ಕಂಪ್ಯೂಟರಿನಲ್ಲಿ ರಚಿಸಿ, ಅದರಲ್ಲಿ ಗಾಳಿಯನ್ನೂ ಕಣಗಳನ್ನೂ ಹರಿಸಿ ಲೆಕ್ಕ ಹಾಕುತ್ತಾರೆ. ಆದರೆ ಎಲ್ಲ ಕಣಕ್ಕೂ ಒಂದೇ ಲೆಕ್ಕ ಒಗ್ಗುವುದಿಲ್ಲ.

ವಾಹನದ ಹೊಗೆಯಲ್ಲಿನ ಅತಿಸೂಕ್ಷ್ಮ ಕಣಗಳು ಗಾಳಿ ಹೋದತ್ತ ಹೋಗುತ್ತವೆ. ಅವನ್ನು ಒಂದೊಂದಾಗಿ ಎಣಿಸುವ ಗೋಜಿಲ್ಲದೆ, ನೀರಿಗೆ ಬೆರೆತ ಬಣ್ಣದಂತೆ ‘ಎಲ್ಲಿ ಎಷ್ಟು ದಟ್ಟ’ ಎಂದು ನೋಡಿದರೆ ಸಾಕು. ಔಷಧದ ಕಣ ಹಾಗಲ್ಲ. ಅದಕ್ಕೆ ತೂಕವಿದೆ. ಗಂಟಲಿನ ತಿರುವಿನಲ್ಲಿ ಗಾಳಿ ಬಾಗಿದರೂ, ಐದು ಮೈಕ್ರಾನ್‌ಗಿಂತ ದಪ್ಪನೆಯ ಕಣಗಳಲ್ಲಿ ಹೆಚ್ಚಿನವು ನೇರವಾಗಿ ನುಗ್ಗಿ ಗೋಡೆಗೆ ಬಡಿಯುತ್ತವೆ, ವೇಗವಾಗಿ ಬಂದ ಬಸ್ಸು ತಿರುವಿನಲ್ಲಿ ರಸ್ತೆ ಬಿಟ್ಟಂತೆ! (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು.) ಇಂಥವುಗಳ ಹಾದಿಯನ್ನು ಬಿಡಿಬಿಡಿಯಾಗಿಯೇ ಗುರುತಿಸಬೇಕು. ಕಣಗಳು ವಿರಳವಾಗಿದ್ದರೆ ಗಾಳಿ ಅವನ್ನು ತಳ್ಳುವುದನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಸಾಕು. ದಟ್ಟವಾದಂತೆ ಅವು ಗಾಳಿಯನ್ನು ತಡೆಯುವುದನ್ನೂ ಸೇರಿಸಬೇಕಾಗುತ್ತದೆ.

ಪುಡಿ ಇನ್ಹೇಲರಿನದು ಇನ್ನೂ ತೊಡಕಿನ ಲೆಕ್ಕ. ಅನೇಕ ಪುಡಿಗಳಲ್ಲಿ ಔಷಧದ ಸಣ್ಣ ಕಣಗಳು ಲ್ಯಾಕ್ಟೋಸ್ ಸಕ್ಕರೆಯ ದೊಡ್ಡ ಹರಳುಗಳಿಗೆ ಅಂಟಿರುತ್ತವೆ. ಅವನ್ನು ಬೇರ್ಪಡಿಸುವುದು ನಿಮ್ಮ ಉಸಿರಿನ ಸೆಳೆತ. ಕಣಕ್ಕೆ ಕಣ ತಾಗುವುದನ್ನೂ ಗೋಡೆಗೆ ಬಡಿಯುವುದನ್ನೂ ಬಿಟ್ಟರೆ ಇಲ್ಲಿ ಉತ್ತರವೇ ತಪ್ಪುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಸಾಧನ ನೋಡಿಕೊಳ್ಳಿ. ಒತ್ತಿದರೆ ಚಿಮ್ಮುವ ಡಬ್ಬಿಯಾದರೆ ನಿಧಾನವಾಗಿ, ಆಳವಾಗಿ ಎಳೆಯಿರಿ. ಪುಡಿಯದಾದರೆ ಮೊದಲಿನಿಂದಲೇ ಜೋರಾಗಿ ಎಳೆಯಬೇಕು; ಅದರೊಳಕ್ಕೆ ಉಸಿರು ಊದಿದರೆ ಪುಡಿ ತೇವವಾಗಿ ಗಂಟು ಕಟ್ಟೀತು. ಎರಡರಲ್ಲೂ ಎಳೆದ ನಂತರ ಸುಮಾರು ಹತ್ತು ಸೆಕೆಂಡು ಉಸಿರು ಹಿಡಿಯಿರಿ; ಸಣ್ಣ ಕಣಗಳು ಒಳಗೆ ಕೂರಲು ಅಷ್ಟು ಬಿಡುವು ಬೇಕು.

ಮಕ್ಕಳಿಗೆ ಚಿಮ್ಮುವ ಡಬ್ಬಿ ಕೊಡುವಾಗ ಸ್ಪೇಸರ್ ತಪ್ಪಿಸಬೇಡಿ. ಅದರಲ್ಲಿ ಕಣಗಳ ವೇಗ ತಗ್ಗುತ್ತದೆ, ದಪ್ಪನೆಯವು ಅಲ್ಲೇ ಉಳಿಯುತ್ತವೆ. ‘ಇನ್ಹೇಲರ್ ಚಟವಾಗುತ್ತದೆ’ ಎಂದು ನೆರೆಹೊರೆಯವರು ಹೆದರಿಸಿದರೆ ಕಿವಿಗೊಡಬೇಡಿ. ಸ್ಟೀರಾಯ್ಡ್ ಇರುವ ಇನ್ಹೇಲರ್ ಆದರೆ ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿಸಿ. ಮುಂದಿನ ಸಲ ವೈದ್ಯರಲ್ಲಿಗೆ ಹೋದಾಗ ಸಾಧನವನ್ನೂ ಒಯ್ದು, ಎಳೆಯುವ ರೀತಿಯನ್ನು ಅವರೆದುರೇ ತೋರಿಸಿ.