ಮೈಗ್ರೇನಿಗೆ ಮಾತ್ರೆಯೋ, ಮಂಜುಗಡ್ಡೆಯೋ?

ಪ್ರಶ್ನೆ: ಮೈಗ್ರೇನ್ ಬಂದಾಗ ಮಾತ್ರೆ ನುಂಗದೆ ಐಸ್ ಇಟ್ಟುಕೊಂಡರೆ ಸಾಲದೇ?

ಉತ್ತರ: ಕೆಲವರಿಗೆ, ಕೆಲವೊಮ್ಮೆ ಸಾಕು.

ಬ್ರಿಟನ್ನಿನ ವೈದ್ಯ ಜೇಮ್ಸ್ ಆರ್ನಾಟ್ 1849ರಷ್ಟು ಹಿಂದೆಯೇ ತಲೆನೋವಿಗೆ ಉಪ್ಪು ಬೆರೆಸಿದ ಮಂಜುಗಡ್ಡೆ ಬಳಸಿದ್ದರು. 2013ರಲ್ಲಿ ಹವಾಯಿಯ ಸಂಶೋಧಕರು ಇದನ್ನು ಪರೀಕ್ಷೆಗೊಡ್ಡಿದರು. ಮಿದುಳಿಗೆ ರಕ್ತ ಒಯ್ಯುವ ಧಮನಿಗಳು ಕತ್ತಿನಲ್ಲಿ ಚರ್ಮಕ್ಕೆ ಹತ್ತಿರವಿರುವುದರಿಂದ ಅವರು ಆರಿಸಿಕೊಂಡದ್ದು ಹಣೆಯನ್ನಲ್ಲ, ಕತ್ತನ್ನು. ನೋವು ಶುರುವಾಗುತ್ತಲೇ ಹೆಪ್ಪುಗಟ್ಟಿದ ಪಟ್ಟಿ ಸುತ್ತಿದಾಗ ಅರ್ಧ ಗಂಟೆಯಲ್ಲಿ ನೋವು ಸರಾಸರಿ ಮೂರನೇ ಒಂದು ಪಾಲಿನಷ್ಟು ಇಳಿಯಿತು. ತಣ್ಣಗಿಲ್ಲದ ಪಟ್ಟಿ ಸುತ್ತಿದಾಗ ಹೆಚ್ಚುಕಡಿಮೆ ಅಷ್ಟೇ ಏರಿತು. ಆದರೆ ಅಧ್ಯಯನ ಚಿಕ್ಕದು. ಅಲ್ಲದೆ ತಣ್ಣನೆಯ ಪಟ್ಟಿ ಯಾವುದೆಂದು ರೋಗಿಗೆ ಗೊತ್ತಾಗದಂತೆ ಮುಚ್ಚಿಡಲು ಸಾಧ್ಯವೇ ಇಲ್ಲ, ನಂಬಿಕೆಯ ಪಾಲೂ ಅದರಲ್ಲಿ ಇದ್ದೇ ಇರುತ್ತದೆ.

ಮಾತ್ರೆಗಳ ಹಿಂದಿರುವ ಪುರಾವೆ ಇದಕ್ಕಿಂತ ಬಹಳ ಗಟ್ಟಿ. ಮೈಗ್ರೇನಿಗೆ ಕೊಡುವ ಸುಮಾಟ್ರಿಪ್ಟಾನ್ ಮಾತ್ರೆಯನ್ನು 100 ಮಿ.ಗ್ರಾಂ ತೆಗೆದುಕೊಂಡವರಲ್ಲಿ ಸುಮಾರು ಮೂರನೇ ಒಂದು ಪಾಲು ಜನರಿಗೆ ಎರಡು ಗಂಟೆಯಲ್ಲಿ ನೋವು ಪೂರ್ತಿ ಹೋಗುತ್ತದೆ. ಹುಸಿ ಮಾತ್ರೆ ಕೊಟ್ಟಾಗ ಹತ್ತರಲ್ಲಿ ಒಬ್ಬರಿಗಷ್ಟೇ. ಆದರೆ ಹೃದ್ರೋಗಿಗಳಿಗೆ ಸುಮಾಟ್ರಿಪ್ಟಾನ್ ಸಲ್ಲದು. ತಿಂಗಳಿಗೆ ಹತ್ತು ದಿನ ಮೀರಿ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವಿಗೆ ಕಾರಣವಾಗುವುದೂ ಉಂಟು.

ಹಾಗಾಗಿ ಸಾಮಾನ್ಯವಾಗಿ ಐಸ್ ಮಾತ್ರೆಗೆ ಬದಲಿಯಲ್ಲ, ಜೊತೆಗಾರ. ಬಟ್ಟೆಯಲ್ಲಿ ಸುತ್ತಿ ಹದಿನೈದು ನಿಮಿಷ ಇಟ್ಟುಕೊಳ್ಳಿ. ಎಂದೂ ಕಾಣದಂಥ ನೋವು ಹಠಾತ್ತನೆ ಬಂದರೆ, ಕೈಕಾಲು ಸೋತರೆ, ಮಾತು ತೊದಲಿದರೆ ಕಾಯದೆ ಆಸ್ಪತ್ರೆಗೆ ಹೋಗಿ.